ಪರಿಧಿಯಿಂದ ವ್ಯಾಸಾರ್ಧಕ್ಕೆ: ಧವಲಾ ಟೀಕೆಯ ‘ಷೋಡಶಸಹಿತ’ ಪಾಠವನ್ನು ಕುರಿತು

1. ವಿಷಯಪ್ರವೇಶ

ವೃತ್ತದ ಸುತ್ತಳತೆ ತಿಳಿದಿದ್ದರೆ ಅದರ ವ್ಯಾಸಾರ್ಧವನ್ನು ಪಡೆಯುವುದು ಹೇಗೆ ಎಂಬ ಪ್ರಶ್ನೆ ಇಂದು ಶಾಲಾಪಾಠದ ಮಟ್ಟದ್ದು. ಆದರೆ ಪ್ರಾಚೀನ ಕರ್ನಾಟಕದ ಗಣಿತಸಾಹಿತ್ಯವನ್ನು ಓದುವವರಿಗೆ ಇದು ಒಂದು ಒರೆಗಲ್ಲು. ವ್ಯಾಸದಿಂದ ಪರಿಧಿಯನ್ನು ಪಡೆಯುವ ಸೂತ್ರಗಳನ್ನು ನಮ್ಮ ಗ್ರಂಥಕಾರರು ಪದ್ಯಗಳಲ್ಲಿ ಅಡಕವಾಗಿ ಹೇಳಿದರು. ಆ ಪದ್ಯಗಳನ್ನು ಇಂದಿನವರು ತಮ್ಮ ತಿಳಿವಳಿಕೆಗೆ ಒಪ್ಪುವಂತೆ ಅರ್ಥೈಸಿದ ಸಂದರ್ಭಗಳೂ ಇವೆ. ಸೂತ್ರವನ್ನು ಹಿಂದುಮುಂದಾಗಿಸಿ, ಪರಿಧಿಯಿಂದ ವ್ಯಾಸಾರ್ಧದ ಕಡೆಗೆ ನಡೆದು ನೋಡಿದಾಗ, ಯಾವ ಅರ್ಥ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಮುಖ್ಯವಾಗಿ ಪರಿಶೀಲಿಸುವುದು ಒಂದೇ ಒಂದು ಪದವನ್ನು. ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ವೀರಸೇನನ ‘ಧವಲಾ’ ಟೀಕೆಯಲ್ಲಿ ವೃತ್ತಪರಿಧಿಯನ್ನು ಹೇಳುವ ಸಂಸ್ಕೃತ ಪದ್ಯವೊಂದಿದೆ. ಅದರಲ್ಲಿ ಬರುವ ‘ಷೋಡಶಸಹಿತಂ’ ಎಂಬ ಪದವನ್ನು ಬದಿಗಿರಿಸಿದರೆ ಸೂತ್ರವು ಚೀನದ ತ್ಸು ಛುಂಗ್ ಚಿಹ್ 5ನೆಯ ಶತಮಾನದಲ್ಲಿ ಕಂಡುಕೊಂಡ 355/113 ಎಂಬ ಅತ್ಯಂತ ಸೂಕ್ಷ್ಮವಾದ ಬೆಲೆಯನ್ನು ಕೊಡುತ್ತದೆ. ಪದವನ್ನು ಉಳಿಸಿಕೊಂಡರೆ ಸೂತ್ರ ಆ ಬೆಲೆಯಿಂದ ಸರಿಯುತ್ತದೆ. ಗಣಿತದ ಇತಿಹಾಸವನ್ನು ಹೇಳುವ ಬರಹಗಳಲ್ಲಿ ಮೊದಲನೆಯ ರೀತಿಯ ಓದು ಬಹಳವಾಗಿ ರೂಢಿಯಲ್ಲಿದೆ. ಎರಡನೆಯ ಓದೇ ಗ್ರಂಥಕಾರನ ಓದು ಎಂಬುದನ್ನು ಅವನದೇ ಲೆಕ್ಕದಿಂದ ತೋರಿಸಬಹುದೆಂಬುದು ನಮ್ಮ ಪ್ರತಿಪಾದನೆ.

ಈ ಚರ್ಚೆಯನ್ನು ಮುಂಬಯಿಯಿಂದ ಎತ್ತಿಕೊಳ್ಳುವುದಕ್ಕೆ ಔಚಿತ್ಯವೂ ಉಂಟು. ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿರುವ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ನಡೆದುಬಂದಿದೆ. ಅದಕ್ಕೂ ಸುಮಾರು ಒಂದು ಶತಮಾನದ ಹಿಂದೆ, 1883ರ ಸುಮಾರಿಗೆ, ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆಂದು ಮೂಡುಬಿದಿರೆಗೆ ಹೋದಾಗ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾದ ಓಲೆಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡರು. ಆ ಕಳವಳದಿಂದಲೇ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರ ನೆರವಿನೊಡನೆ ಪ್ರತಿಮಾಡಿಸುವ ಕಾರ್ಯಕ್ಕೆ ದಾರಿಯಾಯಿತು. ಕನ್ನಡನಾಡಿನ ಹೊರಗೆ ಕುಳಿತು ಕನ್ನಡದ ಆಕರಗಳನ್ನು ಅಭ್ಯಸಿಸುವವರಿಗೆ ಈ ಸಂಗತಿ ಸ್ಮರಣೀಯವಾದುದು.

2. ಪರಿಧಿಯೇ ಮೊದಲಾದ ಸಂದರ್ಭಗಳು

ವ್ಯಾಸವನ್ನು ಮೊದಲು ಅಳೆದು ಪರಿಧಿಯನ್ನು ಲೆಕ್ಕದಿಂದ ಪಡೆಯುವುದು ಪಠ್ಯಪುಸ್ತಕದ ಕ್ರಮ. ಲೋಕವ್ಯವಹಾರದಲ್ಲಿ ಇದು ಬಹುಮಟ್ಟಿಗೆ ತಿರುಗುಮುರುಗು. ವಿದ್ಯಾನಗರಿಯ ದಾರಿಯಂಚಿನ ದೊಡ್ಡ ಮರವೊಂದರ ಬುಡವನ್ನು ಹಗ್ಗದಿಂದ ಸುತ್ತಿ ಅಳೆಯಬಹುದು. ಕಡಿಯದೆ ಅದರ ನಡುವನ್ನು ಮುಟ್ಟುವಂತಿಲ್ಲ. ಸುತ್ತಳತೆ 330 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪರಿಧಿಯು ವ್ಯಾಸದ ಮೂರರಷ್ಟು ಎಂಬ ಸ್ಥೂಲ ನಿಯಮದಿಂದ ವ್ಯಾಸಾರ್ಧ 55 ಸೆಂ.ಮೀ. ಆಗುತ್ತದೆ. 10ರ ವರ್ಗಮೂಲವನ್ನು ಹಿಡಿದರೆ 52.18, 22/7ನ್ನು ಹಿಡಿದರೆ 52.50, 355/113ನ್ನು ಹಿಡಿದರೆ 52.52. ಅಳತೆ ಒಂದೇ, ಮನಸ್ಸಿನಲ್ಲಿರುವ ಪ್ರಮಾಣಕ್ಕೆ ತಕ್ಕಂತೆ ವ್ಯಾಸಾರ್ಧ ಬೇರೆ.

ಕಣದಲ್ಲಿ ಸುರಿದ ಧಾನ್ಯದ ರಾಶಿಯದೂ ಇದೇ ಸ್ಥಿತಿ. ರಾಶಿಯ ನಡುವಿಗೆ ಅಳತೆಗೋಲನ್ನು ಚಾಚಲಾಗದು. ಸುತ್ತ ಹಗ್ಗ ಹಿಡಿಯಬಹುದು. ಎರಡನೆಯ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯ ರಾಶಿವ್ಯವಹಾರದಲ್ಲಿ ಪರಿಧಿಯ ಆರನೆಯ ಒಂದು ಭಾಗವನ್ನು ವರ್ಗಿಸಿ ಎತ್ತರದಿಂದ ಗುಣಿಸಬೇಕೆಂದು ವಿಧಿಸಿದೆ. ಪರಿಧಿಯ ಆರನೆಯ ಒಂದು ಭಾಗವೆಂದರೆ ಮೂರರ ಪ್ರಮಾಣದಲ್ಲಿ ವ್ಯಾಸಾರ್ಧವೇ. ಎತ್ತರವನ್ನೂ ಪರಿಧಿಯಿಂದಲೇ ಪಡೆಯಲಾಗಿದೆ: ದಪ್ಪ ಕಾಳಿನ ರಾಶಿಗೆ ಪರಿಧಿಯ ಹತ್ತನೆಯ ಒಂದು ಭಾಗ, ಸಣ್ಣ ಕಾಳಿನದಕ್ಕೆ ಹನ್ನೊಂದನೆಯ ಒಂದು, ಮುಳ್ಳುಳ್ಳ ಧಾನ್ಯಕ್ಕೆ ಒಂಬತ್ತನೆಯ ಒಂದು. 60 ಮೊಳ ಸುತ್ತಳತೆಯ ದಪ್ಪ ಕಾಳಿನ ರಾಶಿಗೆ ವ್ಯಾಸಾರ್ಧ 10, ಎತ್ತರ 6, ಘನಫಲ 600 ಘನಮೊಳ. ಇಂದಿನ ಪ್ರಮಾಣದಲ್ಲಿ ಲೆಕ್ಕಿಸಿದರೆ ಅದು ಸುಮಾರು 573 ಘನಮೊಳ. ಅಂದರೆ ಸ್ಥೂಲ ನಿಯಮವು ರಾಶಿಯನ್ನು ನೂರಕ್ಕೆ ನಾಲ್ಕೂಮುಕ್ಕಾಲರಷ್ಟು ಹಿರಿದಾಗಿಸುತ್ತದೆ. ಸೂಕ್ಷ್ಮವಾದ 3927/1250 ಎಂಬ ಪ್ರಮಾಣವನ್ನು ಅದೇ ಗ್ರಂಥದಲ್ಲಿ ಹೇಳಿದ ಆಚಾರ್ಯನೇ ಕಣಕ್ಕೆ ಬಂದಾಗ ಮೂರನ್ನು ಬಳಸಿದ್ದಾನೆ. ಕಾಳಿನ ರಾಶಿ ಎಂದೂ ನಿಜವಾದ ಶಂಕುವಲ್ಲ. ಅಲ್ಲಿ ಸೂಕ್ಷ್ಮತೆಗಿಂತ ಬೇಗನೆ ಎಣಿಸಬಲ್ಲ ನಿಯಮವೇ ಹೆಚ್ಚು ಉಪಯುಕ್ತ.

ಜ್ಯೋತಿಶ್ಶಾಸ್ತ್ರದಲ್ಲಿ ಈ ಹಿಮ್ಮೊಗದ ನಡೆ ಇನ್ನೂ ಆಳಕ್ಕೆ ಹೋಗುತ್ತದೆ. ವೃತ್ತವನ್ನು 360 ಭಾಗೆಗಳಾಗಿ, ಒಂದೊಂದು ಭಾಗೆಯನ್ನು 60 ಕಲೆಗಳಾಗಿ ವಿಂಗಡಿಸಿದರೆ ಪರಿಧಿ 21600 ಕಲೆ. ಇದು ಮೊದಲೇ ನಿಶ್ಚಿತವಾದ ಸಂಖ್ಯೆ. ಅದಕ್ಕೆ ಹೊಂದುವ ವ್ಯಾಸಾರ್ಧವನ್ನು ಅನಂತರ ಪಡೆಯಬೇಕು. ಆರ್ಯಭಟನು 499ರಲ್ಲಿ ಹೇಳಿದ 62832/20000 ಎಂಬ ಪ್ರಮಾಣದಿಂದ ಅದು 3437.74, ಪೂರ್ಣಾಂಕದಲ್ಲಿ 3438. ಮೂರರ ಪ್ರಮಾಣದಲ್ಲಿ ಅದು 3600, 10ರ ವರ್ಗಮೂಲದಿಂದ 3415.26 ಆಗುತ್ತಿತ್ತು. ಇಂದು ಕನ್ನಡ ಶಾಲೆಗಳಲ್ಲಿ ಬಳಸುವ ‘ತ್ರಿಜ್ಯ’ ಎಂಬ ಮಾತು ಈ ಪರಂಪರೆಯ ಕೊಡುಗೆ. ಮೂರು ರಾಶಿಗಳ, ಎಂದರೆ 90 ಭಾಗೆಗಳ ಜ್ಯಾ ಎಂಬುದು ಅದರ ಅರ್ಥ. ಪರಿಧಿಯನ್ನು ಮುಂದಿಟ್ಟುಕೊಂಡು ವ್ಯಾಸಾರ್ಧವನ್ನು ಹೆಸರಿಸಿದ ರೀತಿ ಈ ಪದದಲ್ಲೇ ಉಳಿದುಕೊಂಡಿದೆ.

3. ಮಹಾವೀರಾಚಾರ್ಯ: ಪರಿಧಿಯನ್ನು ಬಿಡಿಸಿ ತೆಗೆಯುವ ಬಗೆ

ಅಮೋಘವರ್ಷ ನೃಪತುಂಗನ (814-878) ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ‘ಕವಿರಾಜಮಾರ್ಗ’ ಹುಟ್ಟಿದ ಪರಿಸರವೂ ಇದೇ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿತು.

ಕ್ಷೇತ್ರಗಣಿತದ ಅಧ್ಯಾಯದಲ್ಲಿ ಮಹಾವೀರನು ‘ವ್ಯಾವಹಾರಿಕ’ ಮತ್ತು ‘ಸೂಕ್ಷ್ಮ’ ಎಂದು ಎರಡು ಬಗೆಯ ಫಲಗಳನ್ನು ಹೇಳುತ್ತಾನೆ. ವ್ಯಾವಹಾರಿಕದಲ್ಲಿ ಪರಿಧಿಯು ವ್ಯಾಸದ ಮೂರರಷ್ಟು. ಸೂಕ್ಷ್ಮದಲ್ಲಿ ವ್ಯಾಸಕ್ಕೆ 10ರ ವರ್ಗಮೂಲದ ಗುಣಕ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಪ್ರಯೋಜನಕಾರಿಯಾದುದು ಇನ್ನೊಂದು ಸೂತ್ರ. ಒಂದು ವೃತ್ತದ ಪರಿಧಿ, ವ್ಯಾಸ ಮತ್ತು ಕ್ಷೇತ್ರಫಲ ಇವು ಮೂರನ್ನೂ ಕೂಡಿಸಿದ ಮೊತ್ತವನ್ನಷ್ಟೇ ಕೊಟ್ಟು, ಅವುಗಳನ್ನು ಬೇರ್ಪಡಿಸಬೇಕೆಂದು ಆಚಾರ್ಯನು ಕೇಳುತ್ತಾನೆ. ಮೊತ್ತವನ್ನು 12ರಿಂದ ಗುಣಿಸಿ, 64 ಕೂಡಿಸಿ, ವರ್ಗಮೂಲ ತೆಗೆದು, 8ನ್ನು ಕಳೆದರೆ ಉಳಿಯುವುದು ಪರಿಧಿ. ಮೊತ್ತ 1116 ಆಗಿದ್ದರೆ 12ರಿಂದ ಗುಣಿಸಿದಾಗ 13392. 64 ಕೂಡಿಸಿದಾಗ 13456. ಅದರ ಮೂಲ 116. 8 ಕಳೆದರೆ 108. ಪರಿಧಿ 108 ಆದುದರಿಂದ ವ್ಯಾಸ 36, ವ್ಯಾಸಾರ್ಧ 18, ಕ್ಷೇತ್ರಫಲ 972. ಮೂರನ್ನೂ ಕೂಡಿಸಿದರೆ ಮತ್ತೆ 1116.

ಉದ್ದವನ್ನೂ ಕ್ಷೇತ್ರಫಲವನ್ನೂ ಕೂಡಿಸುವುದು ಇಂದಿನವರಿಗೆ ವಿಚಿತ್ರವೆನಿಸಬಹುದು. ಅದು ವರ್ಗಸಮೀಕರಣದ ಅಭ್ಯಾಸಕ್ಕಾಗಿ ಹೆಣೆದ ಒಗಟು. ಗಮನಾರ್ಹವಾದುದೆಂದರೆ, ಮಹಾವೀರನು ಮೊದಲು ಪರಿಧಿಯನ್ನು ಪಡೆದು, ಆಮೇಲೆ ಅದರಿಂದ ವ್ಯಾಸಕ್ಕೆ ಇಳಿಯುತ್ತಾನೆ. ಹೀಗೆ ಇಳಿಯಲು ಅವನಿಗೆ ಅಡ್ಡಿ ಇಲ್ಲ. ಏಕೆಂದರೆ ಅವನ ಎರಡೂ ನಿಯಮಗಳು ಶುದ್ಧ ಅನುಪಾತಗಳು. ಗುಣಕವನ್ನು ಭಾಜಕವನ್ನಾಗಿಸಿದರೆ ಸಾಕು, ದಾರಿ ಹಿಂದಕ್ಕೂ ತೆರೆದುಕೊಳ್ಳುತ್ತದೆ.

ಭಾಸ್ಕರನು ಇದನ್ನೇ ಸ್ಪಷ್ಟವಾದ ಉದಾಹರಣೆಯಿಂದ ತೋರಿಸಿದ್ದಾನೆ. ವ್ಯಾಸ 7 ಆದರೆ ಸ್ಥೂಲ ಪರಿಧಿ 22, ಸೂಕ್ಷ್ಮ ಪರಿಧಿ 21 1239/1250. ಪರಿಧಿಯೇ 22 ಎಂದು ಕೊಟ್ಟರೆ ಗುಣಹಾರಗಳನ್ನು ವ್ಯತ್ಯಾಸಗೊಳಿಸಿ ಸೂಕ್ಷ್ಮ ವ್ಯಾಸ 7 11/3927 ಎಂದು ಪಡೆಯಲಾಗುತ್ತದೆ. ಹೋದ ದಾರಿಯಲ್ಲಿ ಮರಳಿದರೆ ಹೊರಟಲ್ಲಿಗೇ ಬರುವ ನಿಯಮ ಇದು. ಈ ಗುಣ ಮುಂದಿನ ಚರ್ಚೆಗೆ ಅಳತೆಗೋಲಾಗುತ್ತದೆ.

4. ವೀರಸೇನನ ಸೂತ್ರ

‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯನು ಬರೆದ ಧವಲಾ ಟೀಕೆ 816ರಲ್ಲಿ ಮುಗಿಯಿತೆಂದು ಸಂಪಾದಕರಾದ ಹೀರಾಲಾಲ ಜೈನರು ನಿರ್ಣಯಿಸಿದ್ದಾರೆ. ವೀರಸೇನನ ಶಿಷ್ಯ ಜಿನಸೇನನು ಅಮೋಘವರ್ಷನಿಗೆ ಗುರುಸ್ಥಾನದಲ್ಲಿದ್ದವನು. ಪಂಪನ ‘ಆದಿಪುರಾಣ’ಕ್ಕೆ ಆಕರವಾದ ಸಂಸ್ಕೃತ ಪುರಾಣ ಇವನದೇ. ಆದುದರಿಂದ ಧವಲಾ ಕನ್ನಡ ಸಾಹಿತ್ಯಚರಿತ್ರೆಗೆ ಹೊರಗಿನದೇನಲ್ಲ. ಅದರ ಓಲೆಪ್ರತಿಗಳು ಉಳಿದುಬಂದದ್ದೂ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಗಜಪತಿ ಶಾಸ್ತ್ರಿಗಳು ಪ್ರತಿಮಾಡುವ ಕಾರ್ಯವನ್ನು ಕೈಗೊಂಡರು. 1939ರಿಂದ ಅಮರಾವತಿಯಲ್ಲಿ ಗ್ರಂಥ ಮುದ್ರಣಗೊಳ್ಳಲಾರಂಭಿಸಿತು. 1942ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಲಖನೌದ ಗಣಿತಜ್ಞ ಎ. ಎನ್. ಸಿಂಗ್ ಅವರು ಧವಲಾದ ಗಣಿತವನ್ನು ಕುರಿತು ಬರೆದ ಪ್ರಬಂಧವಿದೆ. ಅಂದಿನಿಂದ ಈ ಗ್ರಂಥ ಗಣಿತದ ಇತಿಹಾಸಕಾರರ ಗಮನಕ್ಕೆ ಬಂದಿತು.

ನಮಗೆ ಬೇಕಾದ ಪದ್ಯ ಇರುವುದು ಲೋಕದ ಕ್ಷೇತ್ರಪ್ರಮಾಣವನ್ನು ಚರ್ಚಿಸುವ ಭಾಗದಲ್ಲಿ. ಅದರ ತಾತ್ಪರ್ಯ ಹೀಗಿದೆ: ವ್ಯಾಸವನ್ನು 16ರಿಂದ ಗುಣಿಸು, 16ನ್ನು ಕೂಡಿಸು, ‘ತ್ರಿ-ರೂಪ-ರೂಪ’ ಎಂಬ ಸಂಖ್ಯೆಯಿಂದ ಭಾಗಿಸು, ವ್ಯಾಸದ ಮೂರರಷ್ಟನ್ನು ಸೇರಿಸು, ಇದು ಸೂಕ್ಷ್ಮಕ್ಕಿಂತಲೂ ಸೂಕ್ಷ್ಮವಾದ ಪರಿಧಿ. ಭೂತಸಂಖ್ಯೆಯ ಕ್ರಮದಲ್ಲಿ ಅಂಕೆಗಳನ್ನು ಬಲದಿಂದ ಎಡಕ್ಕೆ ಇಟ್ಟರೆ ‘ತ್ರಿ-ರೂಪ-ರೂಪ’ವು 113 ಆಗುತ್ತದೆ. ‘ಸೂಕ್ಷ್ಮ’ ಎಂದು ಇಲ್ಲಿ ಸೂಚಿತವಾಗಿರುವುದು ಜೈನ ಸಂಪ್ರದಾಯದಲ್ಲಿ ನೆಲೆಗೊಂಡ 10ರ ವರ್ಗಮೂಲದ ನಿಯಮವೆಂದು ತಿಳಿಯಬೇಕು.

‘16ನ್ನು ಕೂಡಿಸು’ ಎಂಬ ಮಾತನ್ನು ಬಿಟ್ಟರೆ ವ್ಯಾಸದ ಮೂರರಷ್ಟಕ್ಕೆ ಅದರ 16/113 ಭಾಗ ಸೇರುತ್ತದೆ, ಅದೇ 355/113. ಇದನ್ನು ದಶಮಾಂಶದಲ್ಲಿ ಬರೆದರೆ 3.1415929, ನಿಜವಾದ ಬೆಲೆ 3.1415927. ಏಳನೆಯ ದಶಮಾಂಶದಲ್ಲಿ ಮಾತ್ರ ವ್ಯತ್ಯಾಸ. ಇಷ್ಟು ನಿಖರವಾದ ಫಲ 9ನೆಯ ಶತಮಾನದ ಜೈನ ಟೀಕೆಯಲ್ಲಿ ದೊರೆಯುವಾಗ, ನಡುವೆ ತೊಡಕಾಗುವ ಒಂದು ಪದವನ್ನು ಪಾಠದೋಷವೆಂದು ಬದಿಗೊತ್ತುವ ಆಕರ್ಷಣೆ ಸಹಜ. ಆದರೆ ಪಾಠನಿಷ್ಠೆಯ ದೃಷ್ಟಿಯಿಂದ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ವೀರಸೇನನು ಈ ಪದ್ಯವನ್ನು ಹೇಗೆ ಅರ್ಥಮಾಡಿಕೊಂಡನು?

5. ಹಿಂದುಮುಂದಾಗಿಸಿ ನೋಡಿದಾಗ

ಪದವನ್ನು ಉಳಿಸಿಕೊಂಡು ಸೂತ್ರವನ್ನು ತಿರುಗಿಸೋಣ. ಪರಿಧಿಯನ್ನು 113ರಿಂದ ಗುಣಿಸಿ, 16ನ್ನು ಕಳೆದು, 355ರಿಂದ ಭಾಗಿಸಿದರೆ ವ್ಯಾಸ. 710ರಿಂದ ಭಾಗಿಸಿದರೆ ವ್ಯಾಸಾರ್ಧ. ಒಡನೆಯೇ ಎರಡು ವಿಲಕ್ಷಣಗಳು ಎದ್ದು ಕಾಣುತ್ತವೆ.

ಮೊದಲನೆಯದಾಗಿ, ಪರಿಧಿ 16/113 ಆಗಿದ್ದರೆ ವ್ಯಾಸಾರ್ಧ ಸೊನ್ನೆಯಾಗುತ್ತದೆ. ಸುತ್ತು ಉಂಟು, ನಡು ಇಲ್ಲ ಎಂಬಂಥ ವೃತ್ತ ಅದು. ಎರಡನೆಯದಾಗಿ, ಫಲವು ಅಳತೆಯ ಮಾನವನ್ನು ಅವಲಂಬಿಸುತ್ತದೆ. ಒಂದು ಮೊಳ ವ್ಯಾಸದ ವೃತ್ತವನ್ನು ಮೊಳದಲ್ಲೇ ಲೆಕ್ಕಿಸಿದರೆ ಪರಿಧಿ 371/113, ಎಂದರೆ ಸುಮಾರು 3.283 ಮೊಳ. ಅದೇ ವೃತ್ತವನ್ನು 24 ಅಂಗುಲವೆಂದು ಲೆಕ್ಕಿಸಿದರೆ ಪರಿಧಿ 8536/113 ಅಂಗುಲ. ಅದನ್ನು ಮತ್ತೆ ಮೊಳಕ್ಕೆ ತಂದರೆ ಸುಮಾರು 3.147. ಒಂದೇ ವೃತ್ತಕ್ಕೆ ಎರಡು ಪರಿಧಿಗಳು. ಮಹಾವೀರ, ಭಾಸ್ಕರರ ನಿಯಮಗಳಲ್ಲಿ ಇಂಥ ತೊಡಕಿಲ್ಲ.

ಹಾಗಾದರೆ ‘ಸೂಕ್ಷ್ಮಕ್ಕಿಂತ ಸೂಕ್ಷ್ಮ’ ಎಂಬ ಮಾತು ಸುಳ್ಳೇ? ಹಾಗೆನ್ನಲಾಗದು. ಕೂಡಿಸುವ ಭಾಗ ಸ್ಥಿರವಾದುದು; ಅದರಿಂದ ಪರಿಧಿ 16/113ರಷ್ಟು, ಎಂದರೆ 0.1416ರಷ್ಟು ಮಾತ್ರ ಹೆಚ್ಚುತ್ತದೆ. 10ರ ವರ್ಗಮೂಲದ ನಿಯಮದಲ್ಲಾದರೋ ದೋಷವು ವ್ಯಾಸದೊಡನೆ ಬೆಳೆಯುತ್ತ ಹೋಗುತ್ತದೆ. ಲೆಕ್ಕ ಹಾಕಿದರೆ, ವ್ಯಾಸ ಸುಮಾರು 7ನ್ನು ದಾಟಿದೊಡನೆ ವೀರಸೇನನ ಸೂತ್ರವೇ ಹೆಚ್ಚು ನಿಖರ. ಜೈನ ಲೋಕವರ್ಣನೆಯಲ್ಲಿ ಜಂಬೂದ್ವೀಪದ ವ್ಯಾಸ 1,00,000 ಯೋಜನ. 10ರ ವರ್ಗಮೂಲದಿಂದ ಅದರ ಪರಿಧಿ 3,16,227 ಯೋಜನಕ್ಕೆ ಮಿಕ್ಕಿ ಬರುತ್ತದೆ. ಷೋಡಶಸಹಿತ ಸೂತ್ರದಿಂದ ಅದು 3,14,159.43. ನಿಜವಾದ ಬೆಲೆ 3,14,159.27. ಎರಡು ಸಾವಿರ ಯೋಜನಗಳಿಗೂ ಮೀರಿದ ದೋಷವನ್ನು ಯೋಜನದ ಆರನೆಯ ಒಂದು ಭಾಗಕ್ಕೆ ಇಳಿಸಿದ ಸೂತ್ರವನ್ನು ‘ಸೂಕ್ಷ್ಮತರ’ವೆನ್ನುವುದರಲ್ಲಿ ತಪ್ಪಿಲ್ಲ. ವ್ಯಾಸ ಚಿಕ್ಕದಾದಾಗ ಮಾತ್ರ ಸೂತ್ರ ಎಡವುತ್ತದೆ. ವ್ಯಾಸ 1 ಆದಾಗ ಅದರ ದೋಷ ಮೂರರ ಸ್ಥೂಲ ನಿಯಮದ ದೋಷದಷ್ಟೇ. ಅದು ಕಡಿಮೆ ಹೇಳಿದರೆ ಇದು ಅಷ್ಟನ್ನೇ ಹೆಚ್ಚು ಹೇಳುತ್ತದೆ.

6. ಗ್ರಂಥದೊಳಗಿನ ಸಾಕ್ಷ್ಯ

ಇಷ್ಟರಿಂದ ಪದವು ಮೂಲದ್ದೋ ಪ್ರಕ್ಷಿಪ್ತವೋ ಎಂದು ನಿರ್ಣಯವಾಗುವುದಿಲ್ಲ. ನಿರ್ಣಾಯಕವಾದ ಸಾಕ್ಷ್ಯ ಇರುವುದು ವೀರಸೇನನು ಸೂತ್ರವನ್ನು ಬಳಸಿದ ಲೆಕ್ಕದಲ್ಲಿ.

ಲೋಕದ ಘನಫಲ 343 ಘನರಜ್ಜು ಎಂಬುದು ಸಂಪ್ರದಾಯದ ಮಾತು. ಲೋಕವು ಮೃದಂಗದಂತೆ ದುಂಡಗಿದೆ ಎಂದು ಒಪ್ಪುವವರ ಮತದಲ್ಲಿ ಈ ಘನಫಲ ದೊರೆಯುವುದಿಲ್ಲವೆಂದು ತೋರಿಸುವುದು ವೀರಸೇನನ ಉದ್ದೇಶ. ಅದಕ್ಕಾಗಿ ಅವನು ದುಂಡಾದ ಲೋಕದ ಘನಫಲವನ್ನು ಲೆಕ್ಕಿಸುತ್ತಾನೆ. ಕೆಳಗಿನ ಭಾಗದ ಎತ್ತರ 7 ರಜ್ಜು; ಬುಡದ ವ್ಯಾಸ 7, ತಲೆಯ ವ್ಯಾಸ 1. ಮೇಲಿನ ಭಾಗದ ಎತ್ತರವೂ 7. ಅದರ ವ್ಯಾಸ 1ರಿಂದ ನಡುವಿನಲ್ಲಿ 5ಕ್ಕೆ ಹಿಗ್ಗಿ ಮತ್ತೆ 1ಕ್ಕೆ ಕುಗ್ಗುತ್ತದೆ. ಅವನ ವಿಧಾನ ಮನೋಹರವಾದುದು. ನಡುವಿನಿಂದ ಒಂದು ರಜ್ಜು ವ್ಯಾಸದ ಕಂಬವನ್ನು ತೆಗೆದಿಟ್ಟು, ಉಳಿದ ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ, ಬಿಡಿಸಿ ಹಾಸುತ್ತಾನೆ. ಹಾಸಿದುದನ್ನು ತುಂಡುಗಳಾಗಿ ಕತ್ತರಿಸಿ, ಉಳಿದ ಮೂಲೆಗಳನ್ನು ಮತ್ತೆ ಮತ್ತೆ ಕತ್ತರಿಸುತ್ತ, ಒಂದೊಂದು ಸಲವೂ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವ ಅನಂತ ಶ್ರೇಢಿಯನ್ನು ಕೂಡಿಸುತ್ತಾನೆ. ಕೊನೆಗೆ ದೊರೆಯುವ ಒಟ್ಟು ಘನಫಲ 164 328/1356 ಘನರಜ್ಜು.

ಈ ಸಂಖ್ಯೆಯನ್ನು ನಾವು ಎರಡು ದಾರಿಗಳಲ್ಲಿ ಪರೀಕ್ಷಿಸಿ ನೋಡಿದೆವು. ‘ಷೋಡಶಸಹಿತ’ವನ್ನು ಬಿಟ್ಟು ಬರಿಯ 355/113ನ್ನು ಹಿಡಿದರೆ ಒಟ್ಟು ಘನಫಲ 161 91/339 ಆಗುತ್ತದೆ. ಇದು ಗ್ರಂಥದ ಸಂಖ್ಯೆಯಲ್ಲ. ಪದವನ್ನು ಉಳಿಸಿಕೊಂಡು, ವೀರಸೇನನಂತೆಯೇ ಕಂಬವನ್ನು ಬೇರೆಯಾಗಿಟ್ಟು ಸಿಪ್ಪೆಯನ್ನು ಹಾಸಿದರೆ ಲೆಕ್ಕ ಹೀಗೆ ನಡೆಯುತ್ತದೆ. ವ್ಯಾಸ 1ಕ್ಕೆ ಪರಿಧಿ 371/113. ವ್ಯಾಸ 5ಕ್ಕೆ 1791/113. ವ್ಯಾಸ 7ಕ್ಕೆ 2501/113. ಕೆಳಭಾಗದಲ್ಲಿ ಕಂಬದ ಘನಫಲ 2597/452. ಸಿಪ್ಪೆಯ ದಪ್ಪ ತಲೆಯಲ್ಲಿ ಸೊನ್ನೆ, ಬುಡದಲ್ಲಿ 3. ಅದರ ಘನಫಲ 45402/452. ಎರಡನ್ನೂ ಕೂಡಿಸಿದರೆ 47999/452, ಎಂದರೆ 106 87/452. ಮೇಲಿನ ಭಾಗಕ್ಕೂ ಇದೇ ಕ್ರಮವನ್ನು ಅನುಸರಿಸಿದರೆ 58 67/1356. ಒಟ್ಟು 164 328/1356. ಗ್ರಂಥದ ಸಂಖ್ಯೆಯೊಡನೆ ಭಿನ್ನರಾಶಿಯ ಕೊನೆಯ ಅಂಕೆಯವರೆಗೂ ಹೊಂದಿಕೆ.

ಇದರ ಅರ್ಥ ಸ್ಪಷ್ಟ. ಲಿಪಿಕಾರನ ಕೈತಪ್ಪಿನಿಂದ ಪದ್ಯದಲ್ಲಿ ಒಂದು ಪದ ನುಸುಳಬಹುದು. ಆದರೆ ಆ ತಪ್ಪಿಗೆ ಹೊಂದುವಂತೆ ಕಂಬವನ್ನೂ ಸಿಪ್ಪೆಯನ್ನೂ ಅನಂತ ಶ್ರೇಢಿಯನ್ನೂ ಮತ್ತೆ ಲೆಕ್ಕಿಸಿ, 1356 ಛೇದವುಳ್ಳ ಭಿನ್ನರಾಶಿಯನ್ನು ತಿದ್ದಿ ಬರೆಯುವ ಲಿಪಿಕಾರನನ್ನು ಊಹಿಸಲಾಗದು. ವೀರಸೇನನ ಕಣ್ಣೆದುರಿಗಿದ್ದ ಪದ್ಯದಲ್ಲಿ ‘ಷೋಡಶಸಹಿತಂ’ ಇತ್ತು. ಅದನ್ನು ಅವನು ‘16ನ್ನು ಕೂಡಿಸಿ’ ಎಂದೇ ಅರ್ಥಮಾಡಿಕೊಂಡನು; ಹಾಗೆಯೇ ಲೆಕ್ಕಿಸಿದನು. ಅವನು ಸೂತ್ರವನ್ನು ಬಳಸಿದ್ದು ಯೋಜನಗಳ ದೊಡ್ಡ ಸಂಖ್ಯೆಗಳಿಗಲ್ಲ, 1, 5, 7 ಎಂಬ ರಜ್ಜುಗಳ ಚಿಕ್ಕ ಸಂಖ್ಯೆಗಳಿಗೆ. ಕೂಡಿಸಿದ 16 ಹೆಚ್ಚಾಗಿ ಪ್ರಭಾವ ಬೀರುವ ಜಾಗವೇ ಅದು. ಆದುದರಿಂದಲೇ ಫಲದಲ್ಲಿ ಸುಮಾರು ಮೂರು ಘನರಜ್ಜುಗಳ ಹೆಚ್ಚಳ ಉಂಟಾಯಿತು. ಆದುದರಿಂದಲೇ ಇಂದು ನಮಗೆ ಅದರ ಗುರುತು ಸಿಕ್ಕಿತು.

ಈ ಹೆಚ್ಚಳದಿಂದ ವೀರಸೇನನ ವಾದಕ್ಕೆ ಕುಂದಿಲ್ಲ. ಘನಫಲ 164 ಆಗಲಿ 161 ಆಗಲಿ, 343ಕ್ಕೆ ಅರ್ಧದಷ್ಟೂ ಇಲ್ಲ. ಲೋಕವು ದುಂಡಗಿಲ್ಲ, ಉತ್ತರದಕ್ಷಿಣವಾಗಿ ಎಲ್ಲೆಡೆಯೂ 7 ರಜ್ಜು ದಪ್ಪವಿದೆ ಎಂದು ಅವನು ಸ್ಥಾಪಿಸಿದ ಆಕಾರದಲ್ಲಿ ಕೆಳಗೆ 196, ಮೇಲೆ 147, ಒಟ್ಟು 343 ಸರಿಯಾಗಿ ಬರುತ್ತದೆ.

7. ಪರಂಪರೆಯ ಮೌನ

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಈ ಸೂತ್ರ ಮುಂದಿನ ಕನ್ನಡನಾಡಿನ ಗಣಿತದಲ್ಲಿ ಬೇರೂರಲಿಲ್ಲ. ಮೂರು ನಾಲ್ಕು ದಶಕಗಳ ಅನಂತರ, ಅದೇ ರಾಷ್ಟ್ರಕೂಟರ ಆಶ್ರಯದಲ್ಲಿ ಬರೆದ ಮಹಾವೀರನು 10ರ ವರ್ಗಮೂಲವನ್ನೇ ಸೂಕ್ಷ್ಮವೆಂದನು. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನ ಗುರು ನೇಮಿಚಂದ್ರನು ಷಟ್ಖಂಡಾಗಮದ ಸಿದ್ಧಾಂತವನ್ನು ಕರಗತ ಮಾಡಿಕೊಂಡು ‘ಸಿದ್ಧಾಂತಚಕ್ರವರ್ತಿ’ ಎನಿಸಿದವನು. ಅವನ ‘ತ್ರಿಲೋಕಸಾರ’ದಲ್ಲಿಯೂ ಸ್ಥೂಲಕ್ಕೆ 3, ಸೂಕ್ಷ್ಮಕ್ಕೆ 10ರ ವರ್ಗಮೂಲ. ಈ ಗ್ರಂಥವನ್ನು ಮಾಧವಚಂದ್ರನ ಟೀಕೆಯೊಡನೆ ಅಚ್ಚಿಗೆ ತಂದುದು ಮುಂಬಯಿಯ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆ. ಮೂಡುಬಿದಿರೆಯ ಓಲೆಗಳಿಗಾಗಿ ಕಳವಳಪಟ್ಟ ಆ ಸೇಠರ ಹೆಸರಿನದೇ ಮಾಲೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವುಗಳಿಂದ ಗಣಿತವನ್ನು ಕನ್ನಡದ ಮಾತಿಗೆ ಇಳಿಸಿದನು. ವ್ಯವಹಾರಗಣಿತವನ್ನು ಮರಿಯಪ್ಪ ಭಟ್ಟರು 1955ರಲ್ಲಿ ಮದರಾಸಿನಿಂದ ಪ್ರಕಟಿಸಿದ್ದಾರೆ.

ಈ ಮೌನಕ್ಕೆ ಕಾರಣವನ್ನು ಸೂತ್ರದ ರಚನೆಯಲ್ಲಿಯೇ ಕಾಣಬಹುದೆಂದು ನಮಗೆ ತೋರುತ್ತದೆ. ಗಣಿತಕಾರರಿಗೆ ಬೇಕಾದುದು ಎರಡೂ ಕಡೆಗೆ ನಡೆಯಬಲ್ಲ ನಿಯಮ. ವ್ಯಾಸದಿಂದ ಪರಿಧಿ, ಪರಿಧಿಯಿಂದ ವ್ಯಾಸ, ಪರಿಧಿಯಿಂದ ಕ್ಷೇತ್ರಫಲ ಇವೆಲ್ಲಕ್ಕೂ ಒಂದೇ ಅನುಪಾತ ಒದಗಬೇಕು. ಸ್ಥಿರಸಂಖ್ಯೆಯೊಂದನ್ನು ಕೂಡಿಸುವ ಸೂತ್ರವು ಮಾನ ಬದಲಾದೊಡನೆ ಬೇರೆ ಉತ್ತರ ಕೊಡುತ್ತದೆ. ಅದನ್ನು ಹಿಡಿದು ಮಹಾವೀರನ 1116ರ ಒಗಟನ್ನು ಬಿಡಿಸುವುದೂ, ಭಾಸ್ಕರನಂತೆ ಗುಣಹಾರಗಳನ್ನು ಅದಲುಬದಲು ಮಾಡುವುದೂ ಸುಲಭವಲ್ಲ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ನಿರ್ಣಯಗಳಿಗೆ ಬರಬಹುದು. ಒಂದು, ಧವಲಾದ ಪರಿಧಿಸೂತ್ರದಲ್ಲಿ ‘ಷೋಡಶಸಹಿತಂ’ ಎಂಬ ಪಾಠ ಪ್ರಾಮಾಣಿಕವಾದುದು. ಗ್ರಂಥದ ಒಳಗಿನ 164 328/1356 ಎಂಬ ಸಂಖ್ಯೆ ಅದನ್ನು ದೃಢಪಡಿಸುತ್ತದೆ. ಎರಡು, ವೀರಸೇನನು 355/113 ಎಂಬ ಶುದ್ಧ ಅನುಪಾತವನ್ನು ಬಳಸಿದನೆಂದು ಹೇಳುವುದು ಸರಿಯಲ್ಲ. ಆ ಅನುಪಾತವು ಅವನ ಸೂತ್ರದ ಗರ್ಭದಲ್ಲಿದೆ. ಅವನ ಲೆಕ್ಕದಲ್ಲಿ ಇಲ್ಲ. ಮೂರು, ದೊಡ್ಡ ವ್ಯಾಸಗಳ ಮಟ್ಟಿಗೆ ಈ ಸೂತ್ರ ತನ್ನ ಕಾಲದ ಜೈನ ಸಂಪ್ರದಾಯದ ನಿಯಮಗಳೆಲ್ಲವನ್ನೂ ಮೀರಿಸುತ್ತದೆ. ಈ ಗೌರವವನ್ನು ಅದಕ್ಕೆ ಯಾರೂ ನಿರಾಕರಿಸಲಾಗದು.

ಪ್ರಾಚೀನರ ಹಿರಿಮೆಯನ್ನು ಹೇಳಬಯಸುವವರಿಗೆ ಎರಡನೆಯ ನಿರ್ಣಯ ರುಚಿಸದಿರಬಹುದು. ಆದರೆ ಒಂದು ಪದವನ್ನು ಅಳಿಸಿ ಗಳಿಸಿದ ಕೀರ್ತಿ ಗ್ರಂಥಕಾರನದಾಗುವುದಿಲ್ಲ, ಅಳಿಸಿದವನದಾಗುತ್ತದೆ. ವೀರಸೇನನ ನಿಜವಾದ ಸಾಧನೆ ಸಿಪ್ಪೆ ಬಿಡಿಸಿ ಹಾಸಿದ ಆ ಯುಕ್ತಿಯಲ್ಲಿದೆ, ಅನಂತ ಶ್ರೇಢಿಯನ್ನು ಅಳುಕಿಲ್ಲದೆ ಕೂಡಿಸಿದ ಧೈರ್ಯದಲ್ಲಿದೆ. ಅದನ್ನು ಮೆಚ್ಚಲು ಚೀನದ ಬೆಲೆಯ ಆಸರೆ ಬೇಕಾಗಿಲ್ಲ.

ಹೊರನಾಡಿನಲ್ಲಿದ್ದು ಮಧ್ಯಕಾಲೀನ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿರುವ ಕಿರಿಯ ಸಂಶೋಧಕರಿಗೆ ಒಂದು ಸೂಚನೆ ಇಲ್ಲಿ ಅಪ್ರಸ್ತುತವಾಗಲಾರದು. ಗಣಿತದ ಪದ್ಯ ಎದುರಾದಾಗ ವ್ಯಾಕರಣ, ಛಂದಸ್ಸು, ಪಾಠಾಂತರಗಳಷ್ಟೇ ಸಾಲವು. ಕಾಗದ ತೆಗೆದುಕೊಂಡು ಲೆಕ್ಕವನ್ನು ಮಾಡಿ ನೋಡಬೇಕು, ಹಿಂದುಮುಂದಾಗಿಯೂ ಮಾಡಿ ನೋಡಬೇಕು. ಓಲೆಯ ಒಂದು ಪದವನ್ನು ಉಳಿಸಬೇಕೋ ತಿದ್ದಬೇಕೋ ಎಂಬ ಸಂದೇಹವನ್ನು, ಹತ್ತು ಪತ್ರ ಮುಂದೆ ಬರುವ ಭಿನ್ನರಾಶಿಯೊಂದು ಪರಿಹರಿಸಬಲ್ಲದು.